ಮಸಾಲೆ ಅರೆಯುವವನೇ ಗೂಡು ಕಟ್ಟಿದರೆ

ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ನಮ್ಮಲ್ಲಿ ಎಲ್ಲರೂ ಕೇಳುತ್ತಾರೆ. ಕೋಳಿ ಕೇಳಿ ಗೂಡು ಕಟ್ಟುತ್ತಾರೆಯೇ ಎಂದು ಮಾತ್ರ ಯಾರೂ ಕೇಳಿದ್ದಿಲ್ಲ. ಅದರ ಫಲವನ್ನು ಬಳ್ಳಾರಿ ಸೀಮೆಯ ಹಿತ್ತಲುಗಳಲ್ಲಿ ದಿನಾ ಮುಸ್ಸಂಜೆ ನೋಡಬಹುದು. ಯಜಮಾನ ಹೊಸ ಗೂಡಿನ ಬಾಗಿಲು ತೆರೆದು ‘ಬಾ ಬಾ ಬಾ’ ಎಂದು ನುಚ್ಚು ಚೆಲ್ಲುತ್ತಾನೆ. ಕೋಳಿಗಳು ಬರುತ್ತವೆ, ನುಚ್ಚು ಮುಗಿಸುತ್ತವೆ, ಕೊಕ್ಕನ್ನು ನೆಲಕ್ಕೆ ಒರೆಸಿಕೊಂಡು ನೆಟ್ಟಗೆ ಬಳ್ಳಾರಿ ಜಾಲಿ ಏರುತ್ತವೆ.

ಊರಿಗೊಂದು ರೀತಿ. ತುಂಗಭದ್ರೆಯ ಕಾಲುವೆ ನೀರುಂಡು ಭತ್ತ ಬೆಳೆಯುವ ಸಿರುಗುಪ್ಪದಲ್ಲಿ ಜವಾರಿ ಕೋಳಿಗೆ ಟ್ರ್ಯಾಕ್ಟರ್ ಟ್ರಾಲಿಯ ಅಂಚೇ ಪಲ್ಲಂಗ. ಬೆಳಿಗ್ಗೆ ಸೋನಾ ಮಸೂರಿಯ ಚೀಲ ಹೇರುವ ಮೊದಲು ಹಿಕ್ಕೆ ಕೆರೆಯುವ ಕೆಲಸ ಒಂದು ಕಡ್ಡಾಯ. ಕುರುಗೋಡಿನ ಕಡೆ ದನದ ಕೊಟ್ಟಿಗೆಯ ಅಡ್ಡತೊಲೆಗೆ ಬೇಡಿಕೆ ಜಾಸ್ತಿ. ಕೆಳಗೆ ಎಮ್ಮೆ ಕಾವಲಿದ್ದರೆ ನಾಯಿ ಸುಳಿಯುವುದಿಲ್ಲ. ಬಳ್ಳಾರಿಯ ಕೌಲ್‌ಬಜಾರಿನಂಥ ಇಕ್ಕಟ್ಟಿನ ಗಲ್ಲಿಗಳಲ್ಲಿ ಮರ ಎಲ್ಲಿಂದ ತರುವುದು? ಏಸಿಯ ಹೊರಡಬ್ಬಿ, ನೀರಿನ ಟ್ಯಾಂಕಿ, ಪಕ್ಕದ ಮನೆಯ ಸ್ಕೂಟರ್ ಸೀಟು ಯಾವುದಾದರೂ ನಡೆಯುತ್ತದೆ. ಮೊಟ್ಟೆ ಯಾರದು ಎಂಬ ಜಗಳ ಅಪರೂಪ. ಸೀಟಿನ ಮೇಲಿನ ಹಿಕ್ಕೆ ಯಾರದು ಎಂಬುದರ ಮೇಲೆ ಎರಡು ಮನೆಗಳ ಮಾತು ನಿಂತುಹೋಗುತ್ತದೆ.

ಗೂಡು ಒಲ್ಲೆನ್ನುವುದನ್ನು ಹಟಮಾರಿತನ ಎಂದು ಬಯ್ಯುವ ಮೊದಲು ಕೋಳಿಯ ಲೆಕ್ಕ ಕೇಳಬೇಕು. ಅದರ ಮೂಲಪುರುಷ ಕೆಂಪು ಕಾಡುಕೋಳಿ ಇಂದಿಗೂ ಮರದ ಮೇಲೆಯೇ ಮಲಗುತ್ತದೆ. ಇರುಳಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣದು, ಹಾಗಾಗಿ ಬೆಳಕಿರುವಾಗಲೇ ಜಾಗ ಹಿಡಿಯುತ್ತದೆ. ಮೊಣಕಾಲು ಮಡಿಸಿ ಕೂತರೆ ಸ್ನಾಯುವಿನ ತಂತು ಎಳೆದುಕೊಂಡು ಬೆರಳುಗಳು ತಾವಾಗಿಯೇ ಕೊಂಬೆಯನ್ನು ಬಿಗಿಹಿಡಿಯುತ್ತವೆ; ನಿದ್ದೆಯಲ್ಲಿ ಬೀಳುವ ಭಯವಿಲ್ಲ. ಕೆಲವೊಮ್ಮೆ ಒಂದು ಕಣ್ಣು ತೆರೆದೇ ಅರ್ಧ ಮಿದುಳಿಗೆ ಮಾತ್ರ ನಿದ್ದೆ ಕೊಡುತ್ತದೆ. ಯಾರು ಯಾರನ್ನು ಕುಕ್ಕಬೇಕು ಎಂಬ ಶ್ರೇಣಿ ಕೋಳಿಗಳಲ್ಲಿ ಕಟ್ಟುನಿಟ್ಟಾಗಿದೆ ಎಂದು ನಾರ್ವೆಯ ಪ್ರಾಣಿವಿಜ್ಞಾನಿ ಶೆಲ್ಡರುಪ್-ಎಬ್ಬೆ 1921ರಲ್ಲೇ ಬರೆದಿಟ್ಟ. ಬಲಶಾಲಿಗೆ ಮೇಲಿನ ಕೊಂಬೆ, ಬಡಪಾಯಿಗೆ ಕೆಳಗಿನದು. ತಳ್ಳಾಟವೆಲ್ಲ ಕತ್ತಲಾಗುವುದರೊಳಗೆ ಮುಗಿಯುತ್ತದೆ. ತನಿಖಾ ಸಮಿತಿ ಬೇಕಾಗುವುದಿಲ್ಲ.

ಇನ್ನು ಯಜಮಾನನ ಗೂಡು ನೋಡಿ. ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ತಗಡಿನ ಮಾಡು! ರಾತ್ರಿ ಹತ್ತಾದರೂ ಕಾವು ಇಳಿಯದ ಆ ಪೆಟ್ಟಿಗೆಯಲ್ಲಿ ಕೋಳಿ ಅರ್ಧ ಬೆಂದೇ ಹೊರಬರಬೇಕು. ಕೂರಲು ಅಡ್ಡಕೋಲಿಲ್ಲ, ಗಾಳಿಗೆ ಕಿಂಡಿಯಿಲ್ಲ. ಬೀಗ ಮಾತ್ರ ಒಳ್ಳೇ ಕಂಪನಿಯದು. ಯಾಕೆಂದರೆ ‘ನಿಮ್ಮ ರಕ್ಷಣೆಗಾಗಿ’. ಇದನ್ನು ಕೇಳಿ ಹಳ್ಳಿಯ ಅಜ್ಜಿ ಯಾರಾದರೂ ನಕ್ಕಾಳು: ‘ಮ್ಯಾಲೆ ಕೂತ್ರ ಬೆಕ್ಕಿನ ಕೈಗೆ ಸಿಗಂಗಿಲ್ಲ, ಒಳಗ ಕೂತ್ರ ನಿನ್ ಕೈಗೆ ಸಿಗ್ತೈತಿ. ಎರಡರಾಗ ಯಾವ್ದು ವಾಸಿ ಅಂತ ಕೋಳೀಗೆ ಗೊತ್ತಿಲ್ಲೇನಪ್ಪ?’

ರಕ್ಷಣೆಯ ಹೆಸರಿನಲ್ಲಿ ಬೀಗ ಹಾಕುವ ಈ ವಿದ್ಯೆ ಹಿತ್ತಲಿಗೆ ಸೀಮಿತವಲ್ಲ. 2019ರ ಜನವರಿಯಲ್ಲಿ ಕಾಂಗ್ರೆಸ್ ತನ್ನ ಶಾಸಕರು ಪಕ್ಷ ಬಿಟ್ಟು ಹಾರಿಹೋಗದಂತೆ ಬಿಡದಿ ಬಳಿಯ ಈಗಲ್‌ಟನ್ ರೆಸಾರ್ಟಿಗೆ ತುಂಬಿತು; ಬಿಜೆಪಿ ತನ್ನವರನ್ನು ದೂರದ ಗುರುಗ್ರಾಮದಲ್ಲಿ ಕವುಚಿಟ್ಟಿತ್ತು. ಈಗಲ್‌ಟನ್‌ನಲ್ಲಿ ನಮ್ಮ ಸೀಮೆಯ ಇಬ್ಬರು ಶಾಸಕರ ನಡುವೆಯೇ ಹೊಡೆದಾಟವಾಗಿ ವಿಜಯನಗರದ ಆನಂದ್ ಸಿಂಗ್ ಆಸ್ಪತ್ರೆ ಸೇರಿದರು, ಕಂಪ್ಲಿಯ ಜೆ.ಎನ್. ಗಣೇಶ್ ಅವರ ಬಂಧನವಾಯಿತು. ಹೊರಗಿನ ಬೆಕ್ಕಿನಿಂದ ಕಾಪಾಡಲು ಕಟ್ಟಿದ ಗೂಡಿನೊಳಗೇ ಗಾಯ! ಅಷ್ಟಾಗಿಯೂ ಫಲವೇನು? ಅದೇ ವರ್ಷ ಜುಲೈ 1ರಂದು ಆನಂದ್ ಸಿಂಗ್ ರಾಜೀನಾಮೆ ಕೊಟ್ಟರು. ಮುಂದೆ ಬಿಜೆಪಿ ಸೇರಿ ಸಚಿವರೂ ಆದರು. ಹಾರುವ ಮನಸ್ಸಿದ್ದರೆ ಬೀಗ ಏನು ಮಾಡೀತು?

ಬಾಯಿಲ್ಲದವರ ಪಾಡು ಬೇರೆ. ಫಾರ್ಮಿನ ತಂತಿ ಪಂಜರದಲ್ಲಿ ಒಂದು ಮೊಟ್ಟೆಕೋಳಿಗೆ ಸಿಗುವ ಜಾಗ ಎ4 ಹಾಳೆಗಿಂತ ಕಡಿಮೆ. ಭಾರತದ ಕಾನೂನು ಆಯೋಗ 2017ರ ಜುಲೈಯಲ್ಲಿ ಕೊಟ್ಟ ತನ್ನ 269ನೇ ವರದಿಯಲ್ಲಿ ಈ ಕೋಳಿಗಳ ವಾಸದ ಬಗ್ಗೆ ಕರಡು ನಿಯಮಗಳನ್ನೇ ಬರೆದುಕೊಟ್ಟಿತು. ಎ4 ಹಾಳೆಯಲ್ಲಿ ಅಚ್ಚಾದ ಆ ವರದಿಯ ಒಂದೊಂದು ಪುಟವೂ ಕಪಾಟಿನಲ್ಲಿ ಕೋಳಿಗಿಂತ ಹೆಚ್ಚು ವಿಶಾಲವಾಗಿ ಮಲಗಿದೆ.

ಇಷ್ಟಾದರೂ ಜಾಲಿ ಏರುವ ಕೋಳಿಯನ್ನು ಗೂಡಿಗೆ ಒಗ್ಗಿಸುವ ಉಪಾಯ ಉಂಟು. ಒಂದು ವಾರ ಬಾಗಿಲು ತೆರೆಯಬೇಡಿ. ಕಾಳು, ನೀರು ಎಲ್ಲ ಒಳಗೇ ಕೊಡಿ. ಆಮೇಲೆ ಬಿಟ್ಟರೆ ಹಗಲೆಲ್ಲ ತಿಪ್ಪೆ ಕೆದಕಿ ಸಂಜೆಗೆ ಅದೇ ಗೂಡು ಹುಡುಕಿಕೊಂಡು ಬರುತ್ತದೆ. ಆಗ ಯಜಮಾನ ಮೀಸೆ ಮೇಲೆ ಕೈಯಿಟ್ಟು, ‘ನೋಡ್ರಿ, ನಂದೇನೂ ಒತ್ತಾಯ ಇಲ್ಲ, ತಾನೇ ಇಷ್ಟಪಟ್ಟು ಬರ್ತೈತಿ’ ಎನ್ನಬಹುದು. ರೆಸಾರ್ಟಿನ ಗೇಟಿನಲ್ಲಿ ಮೈಕ್ ಹಿಡಿದು ನಿಂತವರಿಗೆ ಈ ಮಾತು ಬಾಯಿಪಾಠ.

ಹಾಗೆಂದು ಜಾಲಿಯೇ ಸ್ವರ್ಗವಲ್ಲ. ಅಲ್ಲಿ ಗೂಬೆಯ ಭಯ, ಕಾಡುಬೆಕ್ಕಿನ ಭಯ, ಬಿರುಮಳೆಯ ಭಯ ಎಲ್ಲ ಉಂಟು. ಗೂಡಿನ ಕೋಳಿಗೆ ಇವ್ಯಾವುವೂ ಇಲ್ಲ. ಅದು ಸಂಪೂರ್ಣ ಸುರಕ್ಷಿತ, ಶನಿವಾರ ರಾತ್ರಿಯವರೆಗೆ.