ಯುದ್ಧೋಪಾದಿಯ ವೇಗ ಗಂಟೆಗೆಷ್ಟು?

ಬೆಂಗಳೂರಿನ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಾ ಪೇಪರ್ ಬಿಡಿಸಿದರೆ ಎದೆ ಝಲ್ಲೆನ್ನುತ್ತದೆ. ಒಬ್ಬ ನಾಯಕರು ರಣಕಹಳೆ ಊದಿದ್ದಾರೆ. ಇನ್ನೊಬ್ಬರು ಹೊಸ ಬಾಂಬ್ ಸಿಡಿಸಿದ್ದಾರೆ. ಮೂರನೆಯವರ ಬತ್ತಳಿಕೆಯಲ್ಲಿ ಇನ್ನೂ ಬಾಣಗಳಿವೆಯಂತೆ. ಒಳಪುಟದಲ್ಲಿ ಕುರ್ಚಿ ಕದನ, ಪತ್ರ ಸಮರ, ಟಿಕೆಟ್ ಸಿಗದವರ ಬಂಡಾಯ. ತಲೆಯೆತ್ತಿ ನೋಡಿದರೆ ಹೊಸಕೋಟೆ ಬಸ್ಸಿನ ಹಿಂದೆ ಓಡುವ ಜನ, ಹಾರ್ನು, ದೂಳು. ಇಷ್ಟೆಲ್ಲ ಕಾಳಗಕ್ಕೆ ಗಾಯಾಳು ಒಬ್ಬನೇ: ಗುಂಡಿಗೆ ಬಿದ್ದ ಬೈಕಿನವನು. ಆ ಗುಂಡಿಯನ್ನು ‘ಯುದ್ಧೋಪಾದಿಯಲ್ಲಿ’ ಮುಚ್ಚುತ್ತೇವೆಂದು ಸಂಬಂಧಪಟ್ಟವರು ಘೋಷಿಸಿದ್ದು ಹೋದ ಮಳೆಗಾಲದಲ್ಲಿ.

ಈ ಯುದ್ಧೋಪಾದಿಯ ವೇಗವೆಷ್ಟೆಂದು ಲೆಕ್ಕ ಹಾಕಿದೆ. ಪುಣ್ಯಕ್ಕೆ ಈ ದಿಕ್ಕಿನಿಂದ ನಿಜವಾದ ಯುದ್ಧವೂ ಒಮ್ಮೆ ಬಂದಿತ್ತು. 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ ಬ್ರಿಟಿಷರ ಕಾರ್ನ್‌ವಾಲಿಸ್ ಕೋಲಾರ, ಹೊಸಕೋಟೆ ದಾಟಿ ಬಂದು ಮಾರ್ಚ್ 5ಕ್ಕೆ ಬೆಂಗಳೂರಿನ ಮುಂದೆ ಬೀಡುಬಿಟ್ಟ. 21ರ ರಾತ್ರಿ ಕೋಟೆಯೊಳಗೆ ನುಗ್ಗಿದ. ಫಿರಂಗಿಯನ್ನು ಎತ್ತುಗಳಿಂದ ಎಳೆಸಿಕೊಂಡು, 16 ದಿನ.

ಈಗ ನಮ್ಮದು. 2023ರ ಮಾರ್ಚ್ 25ಕ್ಕೆ ವೈಟ್‌ಫೀಲ್ಡ್–ಕೆ.ಆರ್. ಪುರ ಮೆಟ್ರೊ ಶುರುವಾಯಿತು. ಅಲ್ಲಿಂದ ಬೈಯಪ್ಪನಹಳ್ಳಿಗೆ, ಅಂದರೆ ಇದೇ ಟಿನ್ ಫ್ಯಾಕ್ಟರಿ ದಾಟುವ ಎರಡು ಚಿಲ್ಲರೆ ಕಿಲೋಮೀಟರಿಗೆ, ರೈಲು ಓಡಿದ್ದು ಅಕ್ಟೋಬರ್ 9ಕ್ಕೆ. 198 ದಿನ. ಅಲ್ಲಿಯವರೆಗೆ ಮೆಟ್ರೊ ಇಳಿದು, ಫೀಡರ್ ಬಸ್ ಹತ್ತಿ, ಮತ್ತೆ ಮೆಟ್ರೊ ಹತ್ತಿದೆವು. ಕಾರ್ನ್‌ವಾಲಿಸ್ ಮುತ್ತಿಗೆಯ ಟೆಂಡರನ್ನು ನಮ್ಮವರಿಗೆ ಕೊಟ್ಟಿದ್ದರೆ ಟಿಪ್ಪು ನಿಶ್ಚಿಂತೆಯಿಂದ ಮಲಗಬಹುದಿತ್ತು.

ಹಲಸೂರು ಕೆರೆಯ ಬಳಿ ಮದ್ರಾಸ್ ಸ್ಯಾಪರ್ಸ್ ಇದ್ದಾರೆ. ಯುದ್ಧದಲ್ಲಿ ಸೇತುವೆ ಕಟ್ಟಿ ದಾರಿ ಮಾಡಿಕೊಡುವುದೇ ಅವರ ಕಸುಬು. ಅವರ್‍ಯಾರೂ ಯುದ್ಧೋಪಾದಿ ಎಂದದ್ದನ್ನು ನಾನಂತೂ ಕೇಳಿಲ್ಲ.

ಆದರೆ ಈ ಯುದ್ಧದ ಪದಗಳಿಂದ ಲಾಭವೇ ಇಲ್ಲವೆನ್ನಬೇಡಿ. 2020ರ ಮೇ 3ರಂದು ‘ಕೊರೊನಾ ಯೋಧ’ರಿಗೆಂದು ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂ ಸುರಿದವು. ಜುಲೈ 10ಕ್ಕೆ, ಅದೇ ಯೋಧರ ಪಟ್ಟಿಯಲ್ಲಿದ್ದ ನಮ್ಮ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಮುಷ್ಕರ ಹೂಡಿದರು. ಕೆಲಸದವಳೆಂದರೆ ಸಂಬಳ ಕೇಳುತ್ತಾಳೆ. ಯೋಧಳೆಂದುಬಿಟ್ಟರೆ ಸೇವಂತಿಗೆಯಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದರು ಹೂ ಸುರಿಸಿದವರು, ಪಾಪ.

ಕೊನೆಗೂ ನನ್ನ ಬಸ್ ಬಂತು. ಬೆಳಗ್ಗಿನಿಂದ ಕಿವಿಗೆ ಬಿದ್ದ ಒಂದೇ ಒಂದು ಸ್ಪಷ್ಟ ಆಜ್ಞೆ ಕಂಡಕ್ಟರನದು: “ಮುಂದೆ ನಡೀರಿ, ಮುಂದೆ ನಡೀರಿ!” ಎಲ್ಲರೂ ನಡೆದೆವು. ಬಸ್ ಮಾತ್ರ ಅಲ್ಲೇ ನಿಂತಿತ್ತು.