ನಿಮ್ಮ ಹೆಂಡತಿಯ ಫೈಲು ಎಲ್ಲಿದೆ? ಎಚ್-1ಬಿ ಗಂಡಂದಿರಿಗೆ ಒಂದು ಬಹಿರಂಗ ಪತ್ರ

ಅಮೆರಿಕದಲ್ಲಿ ಎಚ್-1ಬಿ ವೀಸಾ ಮೇಲೆ ದುಡಿಯುತ್ತಿರುವ ಅಣ್ಣ ತಮ್ಮಂದಿರೇ,

ನಿಮ್ಮ ಹೆಂಡತಿಯ ಐ-94 ಯಾವ ತಾರೀಖಿಗೆ ಮುಗಿಯುತ್ತದೆ? ಡಲ್ಲಾಸ್‌ನ ಉತ್ತರಕ್ಕಿರುವ ಪ್ಲೇನೋ, ಫ್ರಿಸ್ಕೋ, ಅಲೆನ್ ಕಡೆಯ ಕನ್ನಡದ ಮನೆಗಳಲ್ಲಿ ಈ ಪ್ರಶ್ನೆಯನ್ನು ನಾನು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಗಂಡನನ್ನು ಕೇಳಿದರೆ ತನ್ನ ತಾರೀಖು ಹೇಳುತ್ತಾನೆ. ಹೆಂಡತಿಯನ್ನು ಕೇಳಿದರೆ, "ಅದೆಲ್ಲಾ ಅವರೇ ನೋಡ್ಕೋತಾರೆ ಅಕ್ಕಾ, ಅವರ ಲ್ಯಾಪ್‌ಟಾಪಲ್ಲಿದೆ" ಅನ್ನುತ್ತಾಳೆ. ಎಂಜಿನಿಯರಿಂಗ್ ಓದಿದವಳು, ಬೆಂಗಳೂರಿನಲ್ಲಿ ಟೀಮ್ ನಡೆಸಿದವಳು, ಬ್ಯಾಂಕಿನಲ್ಲಿ ಕೂತು ಊರಿನವರ ಸಾಲದ ಕಾಗದ ತಿದ್ದಿದವಳು, ಎಲ್ಲರ ಬಾಯಲ್ಲೂ ಅದೇ ಮಾತು. ಈ ದೇಶದಲ್ಲಿ ತಾನು ಎಲ್ಲಿಯವರೆಗೆ ಇರಬಹುದು ಎನ್ನುವುದು ಒಬ್ಬ ಹೆಂಗಸಿಗೆ ತಿಳಿಯದೆ ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಇರುವುದು ನನಗೆ ಸಹಿಸಲಾಗದ ಸಂಗತಿ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮನ್ನು ಕೆಟ್ಟವರೆನ್ನಲು ಬರೆದದ್ದಲ್ಲ. ಹೆಂಡತಿಗೆ ಈ ತಲೆನೋವು ಬೇಡ ಎಂದೇ ನಿಮ್ಮಲ್ಲಿ ಹೆಚ್ಚಿನವರು ಇದನ್ನು ಹೊತ್ತುಕೊಂಡಿದ್ದೀರಿ. ಆದರೆ ವಲಸೆ ಕಾನೂನಿನ ಲೆಕ್ಕದಲ್ಲಿ ನೀವು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಬಾಗಿಲವರೆಗೆ ಬರಲು ಕೊಟ್ಟ ಅನುಮತಿ ಮಾತ್ರ. ಎಲ್ಲಿಯವರೆಗೆ ಉಳಿಯಬಹುದು ಎಂದು ಹೇಳುವುದು ಐ-94, ಅದು ತಲೆಗೊಂದು. ನಿಮ್ಮ ಎಕ್ಸ್‌ಟೆನ್ಷನ್ನಿಗೆ ಕಂಪನಿ ಐ-129 ಎಂಬ ಪೆಟಿಷನ್ ಹಾಕುತ್ತದೆ. ಅದರೊಳಗೆ ಹೆಂಡತಿ ಸೇರಿಲ್ಲ. ಆಕೆಗೆ ಐ-539 ಎಂಬ ಬೇರೆಯೇ ಅರ್ಜಿ ಹೋಗಬೇಕು, ಅದಕ್ಕೆ ಆಕೆಯೇ ಸಹಿ ಹಾಕಬೇಕು. ಕಂಪನಿಯ ಅಟಾರ್ನಿ ನೋಡುವುದು ಕಂಪನಿಯ ಹಿತವನ್ನು, ಅವರ ಕ್ಯಾಲೆಂಡರಿನಲ್ಲಿ ಗುರುತಾಗಿರುವುದು ನೌಕರನ ತಾರೀಖು. ನೌಕರನ ಹೆಂಡತಿಯ ತಾರೀಖನ್ನು ನೆನಪಿಡುವ ಹೊಣೆ ಅವರಲ್ಲಿ ಯಾರಿಗೂ ಇಲ್ಲ.

ನನಗೆ ಗೊತ್ತಿರುವ ಒಂದು ಮನೆಯ ವಿಷಯ ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರೂ ಶಿವಮೊಗ್ಗದ ಕಡೆಯವರು. ತಮ್ಮನ ಮದುವೆಗೆಂದು ಊರಿಗೆ ಹೋಗಿ, ಒಂದೇ ವಿಮಾನದಲ್ಲಿ ವಾಪಸು ಬಂದು, ಡಲ್ಲಾಸ್ ವಿಮಾನ ನಿಲ್ದಾಣದ ಒಂದೇ ಕೌಂಟರಿನ ಮುಂದೆ ನಿಂತರು. ಅಧಿಕಾರಿ ಗಂಡನಿಗೆ ಪೆಟಿಷನ್ ಮುಗಿಯುವವರೆಗಿನ ತಾರೀಖು ಕೊಟ್ಟರು. ಹೆಂಡತಿಯ ಪಾಸ್‌ಪೋರ್ಟು ಅದಕ್ಕೂ ಬಹಳ ಮುಂಚೆ ಮುಗಿಯುವುದಿತ್ತು, ಆಕೆಗೆ ಆ ಪಾಸ್‌ಪೋರ್ಟು ಮುಗಿಯುವ ದಿನದವರೆಗೆ ಮಾತ್ರ ಕೊಟ್ಟರು. ಈಗ ಮುದ್ರೆ ಒತ್ತುವುದೂ ಕಡಿಮೆ, ದಾಖಲೆ ಇರುವುದು ಕಸ್ಟಮ್ಸ್ ಮತ್ತು ಗಡಿ ರಕ್ಷಣಾ ಇಲಾಖೆಯ ವೆಬ್‌ಸೈಟಿನಲ್ಲಿ. ಇಳಿಸಿಕೊಂಡು ನೋಡುವವರೆಗೆ ಗೊತ್ತಾಗುವುದಿಲ್ಲ. ಅವರ ಮನೆಯಲ್ಲಿ ಯಾರೂ ನೋಡಲಿಲ್ಲ. ಆಕೆ ಪಾಸ್‌ಪೋರ್ಟನ್ನು ಹೊತ್ತಿಗೆ ಸರಿಯಾಗಿ ನವೀಕರಿಸಿಕೊಂಡಳು, ಎಲ್ಲ ಸರಿಯಾಯಿತೆಂದುಕೊಂಡಳು. ಹೊಸ ಪಾಸ್‌ಪೋರ್ಟು ಬಂದ ಮಾತ್ರಕ್ಕೆ ಐ-94ರ ತಾರೀಖು ಮುಂದೆ ಹೋಗುವುದಿಲ್ಲ ಎಂದು ಅವರಿಗೆ ತಿಳಿದದ್ದು ಗಂಡನ ಮುಂದಿನ ಎಕ್ಸ್‌ಟೆನ್ಷನ್ ಹೊತ್ತಿಗೆ. ಅಷ್ಟರಲ್ಲಿ ಆಕೆಯ ತಾರೀಖು ದಾಟಿ ತಿಂಗಳುಗಳು ಕಳೆದಿದ್ದವು.

ಇಂಥ ಸಂದರ್ಭದ ಲೆಕ್ಕ ಕಠಿಣ. ಐ-94 ಮುಗಿದ ಮೇಲೆ 180 ದಿನ ಮೀರಿ ಇದ್ದು ಹೊರಗೆ ಹೋದರೆ ಮೂರು ವರ್ಷ ಮತ್ತೆ ಒಳಗೆ ಬರುವಂತಿಲ್ಲ. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಇದ್ದರೆ ಹತ್ತು ವರ್ಷ. ತಡವಾಗಿ ಅರ್ಜಿ ಹಾಕಿ, ಕಾರಣ ವಿವರಿಸಿ, ಮನ್ನಿಸಿ ಎಂದು ಕೇಳಬಹುದು. ಮನ್ನಿಸುವುದು ಬಿಡುವುದು ಅಧಿಕಾರಿಯ ವಿವೇಚನೆ. ಆ ಮನೆಯವರು ಹೇಗೋ ದಾಟಿಕೊಂಡರು. ಅರ್ಜಿ ಇತ್ಯರ್ಥವಾಗುವವರೆಗೆ ಆಕೆ ಪಟ್ಟ ಭಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ರತಿ ಸಲ ವಿಮಾನ ಇಳಿದ ವಾರದಲ್ಲೇ ಇಬ್ಬರ ಐ-94ನ್ನೂ ಇಳಿಸಿಕೊಂಡು ಅಕ್ಕಪಕ್ಕ ಇಟ್ಟು ನೋಡಿ. ಮಕ್ಕಳದ್ದನ್ನೂ ನೋಡಿ, ಚಿಕ್ಕ ಮಕ್ಕಳ ಪಾಸ್‌ಪೋರ್ಟು ಐದೇ ವರ್ಷದ್ದು.

ಇನ್ನು ಎಕ್ಸ್‌ಟೆನ್ಷನ್ ಹೊತ್ತಿನ ಕಾಯುವಿಕೆ. ನಿಮ್ಮ ಅರ್ಜಿಗೆ ಕಂಪನಿ ಪ್ರೀಮಿಯಂ ಶುಲ್ಕ ಕಟ್ಟಿದರೆ 15 ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ. ಎಚ್-4, ಅಂದರೆ ಎಚ್-1ಬಿ ನೌಕರರ ಹೆಂಡತಿ ಮಕ್ಕಳ ವೀಸಾ, ಅದರ ಐ-539ಕ್ಕೆ ಆ ಸೌಲಭ್ಯವೇ ಇಲ್ಲ. ಈ ಕಾಯುವಿಕೆಯ ವಿರುದ್ಧ ಹೋರಾಡಿದ ಕುಟುಂಬಗಳಿವೆ. ಅವರು ನ್ಯಾಯಾಲಯಕ್ಕೆ ಹೋದದ್ದರಿಂದ 2023ರ ಜನವರಿಯಲ್ಲಿ ಸರ್ಕಾರ ಒಂದು ಒಪ್ಪಂದಕ್ಕೆ ಬಂತು: ಗಂಡ ಹೆಂಡತಿಯ ಅರ್ಜಿಗಳು ಒಟ್ಟಿಗೆ ಬಂದರೆ ಒಟ್ಟಿಗೇ ತೀರ್ಮಾನಿಸಬೇಕು ಎಂದು. ಅದರಿಂದ ಎಷ್ಟೋ ಮನೆಗಳು ಉಸಿರಾಡಿದವು. ಒಪ್ಪಂದದ ಅವಧಿ ಎರಡು ವರ್ಷ, 2025ರ ಜನವರಿಗೆ ಮುಗಿಯಿತು. ಈಗ ಹಾಗೆ ಮಾಡಲೇಬೇಕೆಂಬ ಕಟ್ಟುಪಾಡಿಲ್ಲ.

ಹೊತ್ತಿಗೆ ಸರಿಯಾಗಿ ಹಾಕಿದ ಅರ್ಜಿ ಬಾಕಿಯಿದ್ದರೆ ಆಕೆ ದೇಶದಲ್ಲಿ ಇರುವುದು ತಪ್ಪಾಗುವುದಿಲ್ಲ, ನಿಜ. ಆದರೆ ದಿನದ ಬದುಕು ನಿಂತುಹೋಗುತ್ತದೆ. ಟೆಕ್ಸಾಸ್‌ನಲ್ಲಿ ನಮ್ಮಂಥವರ ಡ್ರೈವಿಂಗ್ ಲೈಸೆನ್ಸು ವಲಸೆ ದಾಖಲೆಯ ತಾರೀಖಿಗೇ ಕಟ್ಟಿಕೊಂಡಿದೆ. ಇಲ್ಲಿ ಕಾರಿಲ್ಲದೆ ಹಾಲು ತರುವುದೂ ಕಷ್ಟ. ನೀವು ಅದೇ ಹೊತ್ತಿನಲ್ಲಿ 240 ದಿನಗಳವರೆಗೆ ಕೆಲಸ ಮುಂದುವರಿಸಬಹುದು, ನಿಯಮವೇ ಅದಕ್ಕೆ ಅವಕಾಶ ಕೊಟ್ಟಿದೆ. ನೀವು ಬೆಳಗ್ಗೆ ಆಫೀಸಿಗೆ ಹೊರಟಾಗ ಆಕೆ ಮನೆಯೊಳಗೆ ಕೂತಿರುತ್ತಾಳೆ, ಮಗುವಿನ ಡಾಕ್ಟರ್ ಅಪಾಯಿಂಟ್‌ಮೆಂಟಿಗೂ ನಿಮ್ಮ ದಾರಿ ಕಾಯುತ್ತಾಳೆ. ಅರ್ಜಿಯನ್ನು ತಾರೀಖಿಗೆ ಆರು ತಿಂಗಳು ಮುಂಚೆಯೇ ಹಾಕಬಹುದು. ಎಚ್‌ಆರ್ ನೆನಪಿಸುವವರೆಗೆ ಯಾಕೆ ಕಾಯುತ್ತೀರಿ?

ಕೆಲಸದ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಇನ್ನೂ ಹೆಚ್ಚಾಗುತ್ತದೆ. ಎಚ್-4 ಮೇಲಿದ್ದವರಿಗೆ ಕೆಲಸದ ಪರವಾನಗಿ, ಅಂದರೆ ಇಎಡಿ, ಸಿಗಲು ಶುರುವಾದದ್ದು 2015ರ ಮೇ 26ರಿಂದ. ಅದೂ ಎಲ್ಲರಿಗೂ ಅಲ್ಲ. ಗಂಡನ ಐ-140, ಅಂದರೆ ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ, ಮಂಜೂರಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಪ್ರಕ್ರಿಯೆ ಶುರುವಾಗಿ ಆತ ಎಚ್-1ಬಿಯ ಆರು ವರ್ಷದ ಮಿತಿ ದಾಟಿ ಮುಂದುವರಿದಿರಬೇಕು. ಈ ನಿಯಮವನ್ನು ರದ್ದು ಮಾಡಿಸಲು ಆ ವರ್ಷವೇ ಹೂಡಿದ ಮೊಕದ್ದಮೆ ಹತ್ತು ವರ್ಷ ಎಳೆಯಿತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿದ ದಿನ ನಮ್ಮ ವಾಟ್ಸಾಪ್ ಗುಂಪಿನ ಹೆಂಗಸರು ಅತ್ತದ್ದು ಸಂತೋಷದಿಂದ. ಅದೇ ತಿಂಗಳ ಕೊನೆಗೆ ಇನ್ನೊಂದು ಪೆಟ್ಟು ಬಿತ್ತು. ಅಲ್ಲಿಯವರೆಗೆ ಕಾರ್ಡ್ ನವೀಕರಣಕ್ಕೆ ಹೊತ್ತಿಗೆ ಸರಿಯಾಗಿ ಅರ್ಜಿ ಹಾಕಿದವರಿಗೆ, ಐ-94 ಚಾಲ್ತಿಯಲ್ಲಿದ್ದಷ್ಟು ಕಾಲ, ಹಳೆಯ ಕಾರ್ಡೇ 540 ದಿನದವರೆಗೆ ತಾನಾಗಿ ಮುಂದುವರಿಯುತ್ತಿತ್ತು. 2025ರ ಅಕ್ಟೋಬರ್ 30ರಿಂದ ಹಾಕಿದ ಅರ್ಜಿಗಳಿಗೆ ಅದು ಇಲ್ಲ. ಹೊಸ ಕಾರ್ಡು ಬರುವ ಮುಂಚೆ ಹಳೆಯದು ಮುಗಿದರೆ ಮರುದಿನ ಕೆಲಸಕ್ಕೆ ಹೋಗುವಂತಿಲ್ಲ. ಸಂಬಳ ನಿಲ್ಲುತ್ತದೆ, ಕೆಲವರ ಕೆಲಸವೇ ಹೋಗುತ್ತದೆ. ನಿಮ್ಮ ಎಕ್ಸ್‌ಟೆನ್ಷನ್ ಒಂದು ತಿಂಗಳು ತಡವಾಗಿ ಹೋದರೆ ಆಕೆಯ ಅರ್ಜಿಯೂ ಒಂದು ತಿಂಗಳು ತಡ. ಆ ತಿಂಗಳಿಗೆ ಆಕೆಯ ಸಂಬಳದಿಂದ ದಂಡ ತೆರುತ್ತಿದ್ದೀರಿ ಎಂದು ತಿಳಿಯಿರಿ.

ಅಣ್ಣ ತಮ್ಮಂದಿರೇ, ಒಂದು ಮಾತು ನೇರವಾಗಿ ಹೇಳಬೇಕು. ಕಾಗದ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲೇ ಅಧಿಕಾರವೂ ಇರುತ್ತದೆ, ಅವರು ಬಯಸಲಿ ಬಿಡಲಿ. ಇಎಡಿ ಇಲ್ಲದ ಹೆಂಗಸಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗುವುದಿಲ್ಲ. ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಕಾರಿನ ಸಾಲ ಎಲ್ಲ ಗಂಡನ ಹೆಸರಿಗೆ. ತಾನು ಈ ವಿಳಾಸದಲ್ಲಿ ವಾಸವಿದ್ದೇನೆ ಎಂದು ತೋರಿಸಲು ಕೂಡ ಆಕೆಯ ಬಳಿ ಒಂದು ಚೂರು ಕಾಗದ ಇರುವುದಿಲ್ಲ. ವಿಚ್ಛೇದನವಾದರೆ ಎಚ್-4 ಮುಗಿಯಿತು. ಇದನ್ನೇ ಬಳಸಿ, "ಹೆಚ್ಚು ಮಾತಾಡಿದರೆ ಎಕ್ಸ್‌ಟೆನ್ಷನ್ ಹಾಕಿಸಲ್ಲ, ಊರಿಗೆ ಕಳಿಸ್ತೀನಿ" ಎಂದು ಬೆದರಿಸುವ ಗಂಡಂದಿರೂ ನಮ್ಮ ನಡುವೆ ಇದ್ದಾರೆ. ಪಾಸ್‌ಪೋರ್ಟು ಬೀಗದಲ್ಲಿಟ್ಟವರೂ ಇದ್ದಾರೆ. ಹಬ್ಬದ ಊಟದಲ್ಲಿ ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ. ಅಂಥವನ ಹೆಂಡತಿ ಈ ಪತ್ರ ಓದುತ್ತಿದ್ದರೆ ಅವಳಿಗೆ ಎರಡು ಮಾತು: ತಂಗಿ, ಎಚ್-1ಬಿ ಗಂಡನಿಂದ ಹಿಂಸೆ ಅನುಭವಿಸುತ್ತಿರುವವರು ಗಂಡನ ಸಹಿಯಿಲ್ಲದೆ ಸ್ವಂತವಾಗಿ ಕೆಲಸದ ಪರವಾನಗಿ ಕೇಳಲು ಐ-765ವಿ ಎಂಬ ಅರ್ಜಿಯಿದೆ, 2017ರಿಂದ ಅದನ್ನು ತೆಗೆದುಕೊಳ್ಳುತ್ತಿದ್ದಾರೆ. ರಾಷ್ಟ್ರೀಯ ಕೌಟುಂಬಿಕ ಹಿಂಸೆ ಸಹಾಯವಾಣಿ 1-800-799-7233, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಅವನಿಗೆ ಗೊತ್ತಾಗದ ಫೋನಿನಿಂದ ಮಾಡು.

ಒಳ್ಳೆಯ ಗಂಡನ ಮನೆಯಲ್ಲೂ ಅನಾಹುತ ಹೇಳಿ ಬರುವುದಿಲ್ಲ. ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ, ಐ-94 ಅದಕ್ಕಿಂತ ಮುಂಚೆ ಮುಗಿಯುವುದಿದ್ದರೆ ಅಷ್ಟೂ ಇಲ್ಲ. ಆ 60 ದಿನ ಹೆಂಡತಿ ಮಕ್ಕಳಿಗೂ ಅಷ್ಟೇ. ಗಂಡನಿಗೆ ಹೃದಯಾಘಾತವಾಗಿ ಐಸಿಯುನಲ್ಲಿದ್ದಾಗ ಅವನ ಲ್ಯಾಪ್‌ಟಾಪಿನ ಪಾಸ್‌ವರ್ಡು ಗೊತ್ತಿಲ್ಲದೆ, ಅಟಾರ್ನಿಯ ಹೆಸರೂ ಗೊತ್ತಿಲ್ಲದೆ, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನನಗೆ ಫೋನ್ ಮಾಡಿದ ಹೆಂಗಸನ್ನು ನಾನು ಮರೆಯಲಾರೆ.

ವಲಸೆ ಇಲಾಖೆಗೆ ವರದಿ ಮಾಡುವ ಕೆಲಸವೂ ಹೀಗೆಯೇ ತಲೆಗೊಂದು. ಮನೆ ಬದಲಾಯಿಸಿದ 10 ದಿನದೊಳಗೆ ವಿಳಾಸ ಬದಲಾವಣೆಯ ಎಆರ್-11 ಫಾರ್ಮು ಹಾಕಬೇಕು. ಗಂಡ ಹಾಕಿದ್ದು ಹೆಂಡತಿಗೆ ಸಾಲದು, ಆಕೆಯದು ಬೇರೆ, ಮಗುವಿನದು ಬೇರೆ. ಅಪಾರ್ಟ್‌ಮೆಂಟಿನ ಬಾಡಿಗೆ ಏರಿತೆಂದು ಪಕ್ಕದ ರಸ್ತೆಗೆ ಹೋದರೂ ಇದು ತಪ್ಪದು. ಹಾಕದಿದ್ದರೆ ದಂಡ, 30 ದಿನದವರೆಗೆ ಸೆರೆ, ಗಡೀಪಾರಿಗೂ ಕಾರಣವಾಗಬಹುದು ಎಂದು ಕಾನೂನಿನಲ್ಲೇ ಬರೆದಿದೆ. 2025ರ ಏಪ್ರಿಲ್ 11ರಿಂದ ವಿದೇಶಿಯರ ನೋಂದಣಿಯ ಹಳೆಯ ಕಾನೂನನ್ನು ಬಿಗಿಯಾಗಿ ಜಾರಿಗೆ ತಂದಿದ್ದಾರೆ. ಹದಿನೆಂಟು ತುಂಬಿದವರೆಲ್ಲ ನೋಂದಣಿಯ ಪುರಾವೆಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು. ನಮಗೆ ಐ-94ರ ಪ್ರತಿಯೇ ಆ ಪುರಾವೆ. ಅಂದಮೇಲೆ ಅದು ಆಕೆಯ ಪರ್ಸಿನಲ್ಲಿರಬೇಕು, ನಿಮ್ಮ ಇಮೇಲಿನಲ್ಲಲ್ಲ. ಇಲ್ಲಿದ್ದಾಗಲೇ ಹದಿನಾಲ್ಕು ತುಂಬಿದ ಎಚ್-4 ಮಕ್ಕಳನ್ನು 30 ದಿನದೊಳಗೆ ಮತ್ತೆ ನೋಂದಾಯಿಸಿ ಬೆರಳಚ್ಚು ಕೊಡಿಸಬೇಕು ಎನ್ನುವುದು ಹೆಚ್ಚಿನ ತಂದೆತಾಯಿಗೆ ಇನ್ನೂ ಗೊತ್ತೇ ಇಲ್ಲ. ಎಂಟನೇ ಕ್ಲಾಸಿನ ಮಗಳಿರುವ ಮನೆಯವರು ಇವತ್ತೇ ಜಿ-325ಆರ್ ಫಾರ್ಮಿನ ಬಗ್ಗೆ ಓದಿಕೊಳ್ಳಿ.

ಊರಿಗೆ ಹೋಗುವ ಮುಂಚೆ ಇಬ್ಬರೂ ಕೂತು ಮಾತಾಡಲೇಬೇಕಾದ ಕಾಲ ಇದು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟು 2025ರ ಜನವರಿಯಲ್ಲಿ ತೆರೆದಾಗ ವೀಸಾ ಸೇವೆ ಇರಲಿಲ್ಲ, ಸ್ಟಾಂಪಿಂಗಿಗೆ ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಹೋಗುತ್ತಲೇ ಇದ್ದರು. ಅದೇ ವರ್ಷದ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಇಬ್ಬರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಪರಿಶೀಲಿಸುವ ನಿಯಮ ಬಂತು. ನಿಗದಿಯಾಗಿದ್ದ ಅಪಾಯಿಂಟ್‌ಮೆಂಟುಗಳು ಒಮ್ಮೆಗೇ ತಿಂಗಳುಗಟ್ಟಲೆ ಮುಂದೆ ಹೋದವು. ಕ್ರಿಸ್‌ಮಸ್ ರಜೆಗೆಂದು ಹೋದವರು ಊರಲ್ಲೇ ಸಿಕ್ಕಿಕೊಂಡರು. ಹೆಂಡತಿ ಅಲ್ಲಿ, ಗಂಡ ಇಲ್ಲಿ, ಮಕ್ಕಳ ಶಾಲೆ ಯಾರಿಗೂ ಕಾಯುವುದಿಲ್ಲ. ಯಾರು ಹೋಗಬೇಕು, ಯಾರು ಉಳಿಯಬೇಕು, ಹೋದವರು ಸಿಕ್ಕಿಕೊಂಡರೆ ಮನೆ ನಡೆಯುವುದು ಹೇಗೆ, ಇದನ್ನು ಒಬ್ಬರೇ ತೀರ್ಮಾನಿಸಿ ಟಿಕೆಟ್ ತೋರಿಸುವುದು ತಪ್ಪು.

ನಾನು ಕೇಳುವುದು ದೊಡ್ಡದೇನಲ್ಲ. ಆಕೆಯ ಪಾಸ್‌ಪೋರ್ಟು, ಐ-94, ಐ-797 ಮಂಜೂರಾತಿ ಪತ್ರ, ಮದುವೆಯ ಪ್ರಮಾಣಪತ್ರ, ನಿಮ್ಮ ಐ-140ರ ಪ್ರತಿ, ಇವನ್ನೆಲ್ಲ ಆಕೆಯ ಫೈಲಿಗೆ, ಆಕೆಯ ಇಮೇಲಿಗೆ ಹಾಕಿ ಕೊಡಿ. ಅರ್ಜಿಯ ರಸೀದಿ ಸಂಖ್ಯೆ ಆಕೆಯ ಹತ್ತಿರ ಇರಲಿ, ಸ್ಥಿತಿ ಏನೆಂದು ಆಕೆಯೇ ನೋಡಲಿ. ಸಹಿ ಹಾಕಿಸುವಾಗ ಕೊನೆಯ ಪುಟ ಮಾತ್ರ ಮುಂದಿಡಬೇಡಿ, ಪೂರ್ತಿ ಓದಲು ಕೊಡಿ. ಒಂದು ಬಿಲ್ಲಾದರೂ ಆಕೆಯ ಹೆಸರಿಗೆ ಮಾಡಿಸಿ, ಬ್ಯಾಂಕಿನ ಖಾತೆ ಜಂಟಿಯಾಗಿರಲಿ. ಅಟಾರ್ನಿಗೆ ಫೋನ್ ಮಾಡುವಾಗ ಆಕೆಯೂ ಪಕ್ಕದಲ್ಲಿರಲಿ, ಆಕೆಯ ಪ್ರಶ್ನೆ ಆಕೆಯೇ ಕೇಳಲಿ.

ಕನ್ನಡ ಕೂಟಗಳನ್ನು ನಡೆಸುವವರಿಗೂ ಇದೇ ಪತ್ರದಲ್ಲಿ ಕೇಳಿಕೊಳ್ಳುತ್ತೇನೆ. ವರ್ಷ ವರ್ಷ ಟ್ಯಾಕ್ಸಿನ ಬಗ್ಗೆ, ಷೇರಿನ ಬಗ್ಗೆ ಸಭೆ ಮಾಡುತ್ತೀರಿ. ಈ ಸಲ ಯುಗಾದಿಗೆ ಮುಂಚೆ ಒಂದು ಶನಿವಾರ ಬೆಳಗ್ಗೆ ಎಚ್-4 ಹೆಂಗಸರಿಗೆ ಮಾತ್ರ ಒಂದು ಸಭೆ ಕರೆಯಿರಿ. ಯಾವ ಕಂಪನಿಗೂ ಸೇರದ ಒಬ್ಬ ವಲಸೆ ವಕೀಲರನ್ನು ಕರೆಸಿ. ಹೆಂಗಸರು ತಮ್ಮ ಪಾಸ್‌ಪೋರ್ಟು, ಐ-94 ತಾವೇ ಹಿಡಿದುಕೊಂಡು ಬರಲಿ. ಗಂಡಂದಿರೇ, ಆ ಹೊತ್ತು ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗುವ ಜವಾಬ್ದಾರಿ ನಿಮ್ಮದು. ಡಲ್ಲಾಸ್ ಕಡೆ ಜಾಗ ಹುಡುಕುವ, ಅಡುಗೆ ಮಾಡುವ ಕೆಲಸಕ್ಕೆ ನನ್ನನ್ನು ಕರೆಯಿರಿ, ಬರುತ್ತೇನೆ.

ಇಂತಿ,
ಟೆಕ್ಸಾಸ್‌ನಿಂದ ನಿಮ್ಮ ಒಬ್ಬ ಅಕ್ಕ