ಸಿಹಿಗೆ ಚಕ್ಕೆಯೇ?

ಬೆಳಗಿನ ತಿಂಡಿಯ ಹೊತ್ತಿಗೇ ಅಮೆರಿಕದವರು ನಿರ್ಭಯವಾಗಿ ತಟ್ಟೆಗೆ ಹಾಕಿಕೊಳ್ಳುವ ಕೇಕ್ ಎಂದರೆ ಕಾಫಿ ಕೇಕ್. ಅದರ ಮೇಲೆ ಕ್ರೀಮಿನ ಗುಲಾಬಿ ಇಲ್ಲ, ಮೋಂಬತ್ತಿ ಇಲ್ಲ, ಯಾರ ಹೆಸರನ್ನೂ ಬರೆದಿರುವುದಿಲ್ಲ. ಕಾಫಿಯೂ ಇಲ್ಲ, ಅದು ಪಕ್ಕದ ಲೋಟದಲ್ಲಿರುತ್ತದೆ. ಹುಟ್ಟುಹಬ್ಬದ ಹಂಗಿಲ್ಲದ ಕೇಕು ಇದು. ಕೇಕನ್ನೂ ತಿಂಡಿ ಅನ್ನುತ್ತಾರಲ್ಲ ಎಂದು ನಗುವ ಹಕ್ಕು ಕನ್ನಡಿಗರಿಗಂತೂ ಇಲ್ಲ. ದರ್ಶಿನಿಯ ಬಾಗಿಲು ತೆರೆಯುತ್ತಲೇ ಚೌಚೌ ಬಾತ್ ಕೇಳಿ, ಖಾರಾಬಾತನ್ನು ಬದಿಗೆ ತಳ್ಳಿ, ತುಪ್ಪ ಜಿನುಗುವ ಕೇಸರಿಬಾತಿಗೆ ಮೊದಲು ಚಮಚ ಹಾಕುವ ಜನ ನಾವು.

ಹಾಸನದಿಂದ ನ್ಯೂಜೆರ್ಸಿಯ ಮಗಳ ಮನೆಗೆ ಬಂದಿದ್ದ ಅಜ್ಜಿಯ ತಕರಾರು ಇದ್ದದ್ದು ಹೊತ್ತಿನ ಬಗ್ಗೆ ಅಲ್ಲ, ಚಕ್ಕೆಯ ಬಗ್ಗೆ. ಹಿಮ ಬಿದ್ದು ಶಾಲೆಗೆ ರಜೆ ಕೊಟ್ಟಿದ್ದ ದಿನ ಮೊಮ್ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಮೈದಾ, ಬೆಣ್ಣೆ, ಕಂದು ಸಕ್ಕರೆ ಎಲ್ಲ ಹರಡಿಕೊಂಡು, ಚಕ್ಕೆಪುಡಿಯ ಡಬ್ಬಿಯ ಮುಚ್ಚಳ ತೆಗೆದಳು.

“ಸಿಹಿಗೆ ಯಾರಾದ್ರೂ ಚಕ್ಕೆ ಹಾಕ್ತಾರೇನೇ? ಏಲಕ್ಕಿ ಕೊಡ್ತೀನಿ ತಗೋ. ಊರಿಂದ ತಂದಿದೀನಿ.”

“ಅಜ್ಜಿ, ಸಿನಮನ್ ಕಾಫಿ ಕೇಕಿಗೆ ಸಿನಮನ್ನೇ ಹಾಕ್ಬೇಕು!”

ಅಜ್ಜಿಯ ಆಕ್ಷೇಪಣೆ ಸುಮ್ಮನೆ ಬಂದದ್ದಲ್ಲ. ಹಳೇ ಮೈಸೂರಿನ ಅಡುಗೆಮನೆಯಲ್ಲಿ ಖಾತೆಗಳು ಎಂದೋ ಹಂಚಿಕೆಯಾಗಿವೆ. ಪಾಯಸ, ಹೋಳಿಗೆ, ಮೈಸೂರು ಪಾಕು, ರವೆಉಂಡೆ ಏಲಕ್ಕಿಯ ಪಾಲು. ವಾಂಗಿಬಾತ್ ಪುಡಿ, ಬಿಸಿಬೇಳೆಬಾತ್ ಪುಡಿ, ಸಾಗು, ಪಲಾವು ಚಕ್ಕೆಯ ಪಾಲು. ಒಂದು ಇನ್ನೊಂದರ ಮನೆಗೆ ಅಪರೂಪಕ್ಕೆ ಹೋಗಿಬರುತ್ತದೆಯೇ ಹೊರತು ಅಲ್ಲೇ ಬಿಡಾರ ಹೂಡುವುದಿಲ್ಲ. ಚಕ್ಕೆಯ ಘಮ ಬಂದರೆ ಅಜ್ಜಿಯ ಕೈ ತಾನಾಗಿಯೇ ಬದನೆಕಾಯಿ ಹುಡುಕುತ್ತದೆ. ಯುರೋಪಿನಲ್ಲಿ ಈ ಖಾತೆ ಹಂಚಿಕೆ ಬೇರೆಯಾಯಿತು. ಅಲ್ಲಿ ಚಕ್ಕೆ ಸಕ್ಕರೆಯ ಜೊತೆಗೇ ಸಂಸಾರ ಮಾಡಿತು. ಸ್ವೀಡನ್ನಿನವರಾದರೋ ಸಿಹಿ ಬನ್ನಿಗೆ ಏಲಕ್ಕಿಯನ್ನೂ ಧಾರಾಳವಾಗಿ ಹಾಕುತ್ತಾರೆ. ಮಗಳ ಮನೆ ಸ್ಟಾಕ್‌ಹೋಮಿನಲ್ಲಿ ಇದ್ದಿದ್ದರೆ ಅಜ್ಜಿಯ ವಾದಕ್ಕೆ ಊರ ತುಂಬ ಸಾಕ್ಷಿ ಸಿಗುತ್ತಿತ್ತು.

ಚಕ್ಕೆಯಲ್ಲೂ ಜಾತಿ ಎರಡು. ಶ್ರೀಲಂಕಾದ್ದು ಕಾಗದದಷ್ಟು ತೆಳು, ಪದರದೊಳಗೆ ಪದರ ಸುರುಳಿ ಸುತ್ತಿಕೊಂಡಿರುತ್ತದೆ, ಬೆರಳಲ್ಲೇ ಪುಡಿಯಾಗುತ್ತದೆ. ಇನ್ನೊಂದು ಕ್ಯಾಸಿಯಾ: ದಪ್ಪ, ಗಡುಸು, ಘಾಟು ಜಾಸ್ತಿ. ಅಮೆರಿಕದ ಅಂಗಡಿಗಳಲ್ಲಿ ಸಿನಮನ್ ಎಂದು ಸಿಗುವುದು ಬಹುಮಟ್ಟಿಗೆ ಇಂಡೋನೇಷ್ಯಾ, ವಿಯೆಟ್ನಾಂ ಕಡೆಯ ಕ್ಯಾಸಿಯಾ. ನಮ್ಮ ದಿನಸಿ ಅಂಗಡಿಯ ಚಕ್ಕೆಯೂ ಹೆಚ್ಚಾಗಿ ಅದೇ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ವಸ್ತು ಹೆಚ್ಚು. ಅತಿಯಾದರೆ ಪಿತ್ತಜನಕಾಂಗಕ್ಕೆ ಒಳ್ಳೆಯದಲ್ಲ. ಹಾಗೆಂದು ಐರೋಪ್ಯ ಒಕ್ಕೂಟ ಮಿತಿ ಹಾಕಿದೆ. ಹಬ್ಬದ, ಸಂಪ್ರದಾಯದ ತಿನಿಸಾದರೆ ಕಿಲೋಗೆ 50 ಮಿಲಿಗ್ರಾಂ, ದಿನನಿತ್ಯದ್ದಾದರೆ 15. 2013ರ ಕೊನೆಗೆ ಡೆನ್ಮಾರ್ಕಿನ ಅಧಿಕಾರಿಗಳು ತಮ್ಮ ಜನ ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಚಕ್ಕೆ ಸುರುಳಿಯನ್ನು ದಿನನಿತ್ಯದ ಸಾಲಿಗೆ ಸೇರಿಸಿದಾಗ ಬೇಕರಿಯವರು ರೊಚ್ಚಿಗೆದ್ದರು. ಪಕ್ಕದ ಸ್ವೀಡನ್ ಅಂಥದ್ದನ್ನೇ ಸಂಪ್ರದಾಯದ ತಿನಿಸು ಎಂದು ಸಾರಿ ನೆಮ್ಮದಿಯಾಗಿತ್ತು. ಸರ್ಕಾರಿ ಕಡತದಲ್ಲಿ ಯಾವ ಕಲಂ ಎಂಬುದರ ಮೇಲೆ ಬನ್ನಿನ ರುಚಿ ನಿಂತಿರುತ್ತದೆ.

ಕಾಫಿ ಕೇಕಿನ ತವರು ಜರ್ಮನಿಯ ಸೀಮೆ. ಮಧ್ಯಾಹ್ನದ ಕಾಫಿಯ ಜೊತೆಗೆ ಕೇಕು ಇಟ್ಟುಕೊಂಡು ಹರಟುವುದು ಅಲ್ಲಿನವರ ಹಳೆಯ ಚಾಳಿ. ಈ ಸುಖಕ್ಕೆ ಕಲ್ಲು ಹಾಕಲು ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್ ಪಟ್ಟ ಪಾಡು ಕೇಳಬೇಕು. ಕಾಫಿಬೀಜಕ್ಕಾಗಿ ದುಡ್ಡೆಲ್ಲ ಹೊರದೇಶಕ್ಕೆ ಹೋಗುತ್ತಿದೆ, ಪ್ರಜೆಗಳು ಬಿಯರ್ ಕುಡಿಯಲಿ ಎಂದು 1777ರಲ್ಲಿ ಫರ್ಮಾನು ಹೊರಡಿಸಿದ. ಜನ ಕೇಳಲಿಲ್ಲ. 1781ರಲ್ಲಿ ಬೀಜ ಹುರಿಯುವುದನ್ನೇ ಸರ್ಕಾರದ ಹಕ್ಕು ಮಾಡಿಕೊಂಡು, ನಿವೃತ್ತ ಸೈನಿಕರನ್ನು ಬೀದಿ ಬೀದಿ ಮೂಸುತ್ತಾ ತಿರುಗಲು ನೇಮಿಸಿದ. ಯಾರ ಮನೆಯಿಂದ ಹುರಿದ ಕಾಫಿಯ ವಾಸನೆ ಬಂತೋ ಅವರ ಬಾಗಿಲು ತಟ್ಟುವುದೇ ಕೆಲಸ. ಮೂಗಿಗೆ ಸಂಬಳ ಸಿಗುವ ಇಂಥ ನೌಕರಿ ಹಾಸನ, ಚಿಕ್ಕಮಗಳೂರು ಕಡೆ ಇದ್ದಿದ್ದರೆ ಅರ್ಜಿ ಹಾಕಲು ಸಾಲು ನಿಲ್ಲುತ್ತಿತ್ತು. ದೊರೆ ಹೋದ ಮೇಲೆ ಕಾನೂನೂ ಹೋಯಿತು, ಕಾಫಿ ಉಳಿಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಲಕ್ಷಾಂತರ ಜರ್ಮನ್ನರು ಹಡಗು ಹತ್ತಿ ಅಮೆರಿಕಕ್ಕೆ ಬಂದಾಗ ಸ್ಟ್ರಾಯ್ಸೆಲ್ ಎಂಬ ಬೆಣ್ಣೆ-ಸಕ್ಕರೆ-ಹಿಟ್ಟಿನ ಉದುರು ಹರವಿದ ಕೇಕೂ ಅವರ ಜೊತೆ ಬಂತು.

ನ್ಯೂಯಾರ್ಕ್, ನ್ಯೂಜೆರ್ಸಿಯ ಬೇಕರಿಗಳಲ್ಲಿ ಈ ಉದುರು ದಪ್ಪವಾಗುತ್ತಾ ಹೋಗಿ, ಕೆಲವು ಕಡೆ ಕೆಳಗಿನ ಕೇಕಿಗಿಂತ ಮೇಲಿನ ಪದರವೇ ಎತ್ತರ. ಹಾಗಿರುವುದೇ ಸರಿ. ಕಾಫಿ ಕೇಕಿನಲ್ಲಿ ಕೇಕು ನೆಪ ಮಾತ್ರ. ಉದುರನ್ನು ಬಾಯಿವರೆಗೆ ಹೊತ್ತು ತರಲು ಅದೊಂದು ಬೇಕು, ಅಷ್ಟೇ.

ಮೊಮ್ಮಗಳು ಅಳತೆಯ ಕಪ್ಪುಗಳನ್ನು ಸಾಲಾಗಿ ಇಟ್ಟುಕೊಂಡಿದ್ದಳು. ಹಿಟ್ಟನ್ನು ಕಪ್ಪಿಗೆ ತುಂಬಿ ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸಮ ಮಾಡುವ ಶಿಸ್ತನ್ನು ಅಮೆರಿಕದ ಮನೆಮನೆಗೆ ಕಲಿಸಿದ್ದು ಬಾಸ್ಟನ್ನಿನ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್, 1896ರ ತನ್ನ ಪುಸ್ತಕದಿಂದ. ಪಾವು, ಚಟಾಕುಗಳ ಕಾಲದಲ್ಲಿ ಬೆಳೆದ ಅಜ್ಜಿಗೆ ಅಳತೆ ಹೊಸದಲ್ಲ; ಆದರೆ ಪಾವಿಗೆ ಯಾವಾಗಲೂ ತಲೆ ತುಂಬಿರಬೇಕು. ಸಮ ಮಾಡಿ ಕೊಡುವವರನ್ನು ಊರಲ್ಲಿ ಜಿಪುಣರು ಅನ್ನುತ್ತಾರೆ.

ಎರಡು ಕಪ್ ಮೈದಾ, ಒಂದು ಕಪ್ ಸಕ್ಕರೆ, ಒಂದು ಕಡ್ಡಿ ಬೆಣ್ಣೆ. ಇಲ್ಲಿ ಬೆಣ್ಣೆ ಕಡ್ಡಿಯ ಲೆಕ್ಕದಲ್ಲಿ ಬರುತ್ತದೆ. ಒಂದು ಕಡ್ಡಿಗೆ 113 ಗ್ರಾಂ, ಕಾಗದದ ಮೇಲೆ ಚಮಚದ ಗೆರೆಗಳನ್ನೂ ಅಚ್ಚು ಹಾಕಿರುತ್ತಾರೆ. ಮೊಟ್ಟೆಯ ಮಾತು ಬಂದಾಗ ಅಜ್ಜಿ ಏನೂ ಹೇಳಲಿಲ್ಲ, ಕಿಟಕಿಯ ಕಡೆ ತಿರುಗಿ ಹಿಮ ನೋಡತೊಡಗಿದರು. ಮಗಳಿಗೆ ಅರ್ಥವಾಯಿತು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿದವರಲ್ಲಿ ಬಹಳಷ್ಟು ಜನ ಹಾಸನ ಸೀಮೆಯವರೇ. ಮೊಟ್ಟೆಯಿಲ್ಲದೆ ಕೇಕು ಏಳುತ್ತದೆಯೇ ಎಂದು ಆ ಜಿಲ್ಲೆಯವರನ್ನು ಕೇಳುವಂತಿಲ್ಲ. ಮೊಟ್ಟೆ ಬಿಟ್ಟು, ಪಾಕವಿಧಾನದಲ್ಲಿದ್ದ ಒಂದು ಕಪ್ ಹುಳಿ ಕ್ರೀಮಿನ ಜೊತೆಗೆ ಅರ್ಧ ಕಪ್ ಗಟ್ಟಿ ಮೊಸರು ಸೇರಿತು. ಮೊಸರಿನ ಹುಳಿ ಅಡಿಗೆ ಸೋಡಾ ಸೇರಿದ ಕ್ಷಣ ಗುಳ್ಳೆಯೇಳುತ್ತದೆ. ಆ ಗುಳ್ಳೆಯೇ ಕೇಕನ್ನು ಎತ್ತುವುದು. ಅರ್ಧ ಚಮಚ ಸೋಡಾ ಸಾಕು. ಹೆಚ್ಚಾದರೆ ಸಾಬೂನು ಕಚ್ಚಿದ ಹಾಗಿರುತ್ತದೆ.

ಉದುರಿನ ಸರದಿ ಬಂದಾಗ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದರು. ಮೈದಾ, ಕಂದು ಸಕ್ಕರೆ, ಎರಡು ಚಮಚ ಚಕ್ಕೆಪುಡಿ, ಫ್ರಿಜ್ಜಿನಿಂದ ಆಗ ತಾನೇ ತೆಗೆದ ಗಟ್ಟಿ ಬೆಣ್ಣೆಯ ತುಂಡುಗಳು. ಮೊಮ್ಮಗಳು ಫೋರ್ಕಿನಿಂದ ಚುಚ್ಚುತ್ತಿದ್ದಳು.

“ಸರಿ ಆಚೆಗೆ. ಕೋಡುಬಳೆ ಹಿಟ್ಟಿಗೆ ಬೆಣ್ಣೆ ತಿಕ್ಕಿದ ಹಾಗೇ ಇದು.”

ಅಂಗೈಗೆ ತಾಗಿಸದೆ ಬೆರಳ ತುದಿಯಲ್ಲೇ ಬೆಣ್ಣೆಯನ್ನು ಹಿಟ್ಟಿಗೆ ಉಜ್ಜಿದ ಮೇಲೆ ಅಜ್ಜಿ ಒಂದು ಹಿಡಿ ಎತ್ತಿ ಮುಷ್ಟಿ ಕಟ್ಟಿದರು. ಉಂಡೆಯಾಗಿ ನಿಂತಿತು. ಹೆಬ್ಬೆಟ್ಟಿನಲ್ಲಿ ಒತ್ತಿದರೆ ದೊಡ್ಡ ಚಿಕ್ಕ ಕಾಳುಗಳಾಗಿ ಒಡೆಯಿತು. ಜರ್ಮನ್ ಅಜ್ಜಿಯರು ನೋಡುವುದೂ ಇದೇ ಹದ. ಅಂಗೈಯ ಕಾವಿಗೆ ಬೆಣ್ಣೆ ಕರಗಿದರೆ ಕಾಳಾಗುವುದಿಲ್ಲ, ಒಲೆಯಲ್ಲಿ ಹರಡಿ ಹಪ್ಪಳದಂತಾಗುತ್ತದೆ. ಕೆಳಗಿನ ಹಿಟ್ಟು ತೆಳುವಾದರೆ ಉದುರೆಲ್ಲ ತಳ ಸೇರುತ್ತದೆ. ಅರ್ಧ ಹಿಟ್ಟು ಸುರಿದು, ನಡುವೆ ಒಂದು ಪದರ ಉದುರು ಹರವಿ, ಮತ್ತೆ ಹಿಟ್ಟು, ಮೇಲೆ ಉಳಿದದ್ದೆಲ್ಲ. ಓವನ್ನಿಗೆ 350 ಡಿಗ್ರಿ ಕೊಟ್ಟಾಗ ಅಜ್ಜಿ ಗಾಬರಿಯಾದರು. ಅದು ಫ್ಯಾರನ್‌ಹೀಟು, ನಮ್ಮ ಲೆಕ್ಕದಲ್ಲಿ ಸುಮಾರು 175 ಎಂದು ಅಳಿಯಂದಿರು ಸೋಫಾದಿಂದಲೇ ಸಮಾಧಾನ ಹೇಳಿದರು.

ಬೇಯಲು ಮುಕ್ಕಾಲು ಗಂಟೆ. ಕೈ ಕಟ್ಟಿಕೊಂಡು ಕೂರುವ ಅಭ್ಯಾಸ ಅಜ್ಜಿಗಿಲ್ಲ. ಅಷ್ಟರಲ್ಲಿ ಸಾರಿಗೆ ಒಗ್ಗರಣೆ ಹಾಕಿದರು. ಇಂಗು, ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದದ್ದೇ ತಡ, ಚಾವಣಿಯ ಹೊಗೆ ಗಂಟೆ ಬೊಬ್ಬೆ ಹಾಕಿತು. ಅಳಿಯಂದಿರು ಟವೆಲ್ ಹಿಡಿದು ಕುರ್ಚಿ ಹತ್ತಿ ಬೀಸಿದರು, ಮಗಳು ಕಿಟಕಿ ತೆರೆದಳು, ಹಿಮಗಾಳಿ ಒಳಗೆ ನುಗ್ಗಿತು. ಈ ಗಲಾಟೆಗೂ ತನಗೂ ಸಂಬಂಧವಿಲ್ಲ ಎಂಬಂತೆ ಕೇಕು ತಣ್ಣಗೆ, ಅಂದರೆ ಬಿಸಿಯಾಗಿ, ಏಳುತ್ತಿತ್ತು. ಕಡ್ಡಿ ಚುಚ್ಚಿ ನೋಡಿದರೆ ಏನೂ ಅಂಟಲಿಲ್ಲ.

ಆರುವ ತನಕ ಮುಟ್ಟಬಾರದು ಎಂದು ಮೊಮ್ಮಗಳು ಕಟ್ಟಪ್ಪಣೆ ಮಾಡಿ ಹಿಮದಲ್ಲಿ ಆಡಲು ಹೋದಳು. ಅಜ್ಜಿ ಊರಿಂದ ತಂದ ಚಿಕೋರಿ ಬೆರೆತ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿದರು. ಲೋಟ ಕೈಗೆ ಬಂದ ಮೇಲೆ ಪಕ್ಕದಲ್ಲಿ ಏನಾದರೂ ಇರಬೇಕಲ್ಲ.

ಮೊಮ್ಮಗಳು ಒಳಗೆ ಬಂದು ಟ್ರೇ ನೋಡಿದಾಗ ಕೇಕಿನ ಒಂದು ಕಡೆ ಬೋಳಾಗಿತ್ತು.

“ಅಜ್ಜಿ! ಮೇಲಿಂದೆಲ್ಲ ಏನಾಯ್ತು?”

“ಕತ್ತರಿಸೋವಾಗ ಉದುರಿತು ಕಣೇ.”

“ಕತ್ತರಿಸೇ ಇಲ್ವಲ್ಲ ಇನ್ನೂ!”

“ಕತ್ತರಿಸಿದ್ರೆ ಹೆಂಗೂ ಉದುರ್ತಿತ್ತು,” ಎಂದರು ಅಜ್ಜಿ, ಲೋಟದ ತಳದಲ್ಲಿ ಉಳಿದಿದ್ದ ಎರಡು ಕಾಳನ್ನು ಚಮಚದಲ್ಲಿ ಕೆದಕುತ್ತಾ. “ಮುಂದಿನ ಸಲ ಇನ್ನೊಂದು ಕಪ್ ಜಾಸ್ತಿ ಮಾಡೋಣ. ಅದರಲ್ಲಿ ಅರ್ಧಕ್ಕೆ ಏಲಕ್ಕಿ.”